ಛಾವಣಿಯ ಮೇಲೆ ಚಳಿಗಾಲ

"ಅಜ್ಜೀ, ಎಲ್ಲಾ ಸತ್ತೇ ಹೋಗಿವೆ!" ನಾರೆ ಕಿರುಚಿದಳು.

ಛಾವಣಿಯ ಇನ್ನೊಂದು ಮೂಲೆಯಲ್ಲಿ ಅಜ್ಜಿ, ಸೋಯಾ ಸಾಸ್ ಹುದುಗಲು ಇಟ್ಟ ಮಣ್ಣಿನ ಜಾಡಿಗಳ ಮೇಲಿನ ಹಿಮ ಗುಡಿಸುತ್ತಿದ್ದರು. "ಯಾರು? ಇಲಿಗಳಾ?"

"ಇಲಿ ಅಲ್ಲಜ್ಜಿ, ದಾನ್ಬಿ ಕೊಟ್ಟ ಗಿಡಗಳು!"

ಎರಡು ಥರ್ಮಾಕೋಲ್ ಡಬ್ಬಿಗಳ ತುಂಬ ವಾಸೊಂಗ್ ಗಿಡಗಳಿದ್ದವು. ಹಳೆಯ ಮನೆಗಳ ಹೆಂಚಿನ ಸಂದಿಯಲ್ಲೂ ಬೆಳೆಯುವ, ದಪ್ಪ ಎಲೆಯ ಪುಟ್ಟ ಗಿಡಗಳು. ಬೇಸಿಗೆಯಲ್ಲಿ ಹೂವಿನ ಹಾಗೆ ಅರಳಿಕೊಂಡಿದ್ದವು. ಈಗ ಬೂದಿ ಬಣ್ಣಕ್ಕೆ ತಿರುಗಿ, ಎಲೆಗಳನ್ನೆಲ್ಲ ಒಳಗೆಳೆದುಕೊಂಡು, ಕೋಟಿನ ಗುಂಡಿಗಳಷ್ಟು ಚಿಕ್ಕವಾಗಿದ್ದವು.

ಅಜ್ಜಿ ಬಗ್ಗಿ ಒಂದನ್ನು ಬೆರಳಿನಿಂದ ಒತ್ತಿ ನೋಡಿದರು. "ಕಲ್ಲಿನ ಹಾಗೆ ಗಟ್ಟಿ ಇದೆ. ಸತ್ತಿಲ್ಲ ಕಣೇ, ಮಲಗಿದೆ. ಮುಟ್ಟಬೇಡ."

ದಾನ್ಬಿ ಕೂಡ ಅದನ್ನೇ ಹೇಳಿದ್ದಳು. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತ ಗೆಳತಿ. ಅವಳ ಅಪ್ಪನಿಗೆ ದೂರದ ಬುಸಾನಿನಲ್ಲಿ ಕೆಲಸ ಸಿಕ್ಕಿ, ಮನೆಯವರೆಲ್ಲ ಜೆಚೋನ್ ಊರು ಬಿಟ್ಟು ಹೊರಟಾಗ ಈ ಡಬ್ಬಿಗಳನ್ನು ನಾರೆಯ ಕೈಗಿಟ್ಟಿದ್ದಳು. "ಹೊರಗೇ ಇರ್ಲಿ. ಚಳೀಲಿ ನೀರು ಹಾಕ್ಬೇಡ. ಅಷ್ಟೇ."

ಆದರೆ ಅಷ್ಟಕ್ಕೇ ಸುಮ್ಮನಿರುವುದು ಹೇಗೆ? ಅಜ್ಜಿ ಮಾರ್ಕೆಟ್ಟಿಗೆ ಹೋದ ಮೇಲೆ ನಾರೆ ಒಂದು ಡಬ್ಬಿಯನ್ನು ಎತ್ತಿಕೊಂಡು ತನ್ನ ರೂಮಿಗೆ ತಂದಳು. ಅಡಿಯಿಂದ ಕಾವು ಬರುವ ಬೆಚ್ಚಗಿನ ನೆಲದ ಮೇಲಿಟ್ಟಳು. ಉಗುರುಬೆಚ್ಚಗಿನ ನೀರು ಹಾಕಿದಳು. ಮಾರನೇ ದಿನವೂ ಹಾಕಿದಳು.

ಕೆಲವೇ ದಿನಗಳಲ್ಲಿ ಗಿಡಗಳು ಕಣ್ಣು ಬಿಟ್ಟವು. ಸರಸರ ಉದ್ದವಾದವು. ಅಜ್ಜಿ ನೋಡಿ, "ಸ್ವೆಟರ್ ಒಂದು ಹಾಕಿಲ್ವಲ್ಲ ಇವಕ್ಕೆ?" ಎಂದು ಅಣಕಿಸಿ ಹೋದರು. ನಾರೆಗೆ ಮಾತ್ರ ಹೆಮ್ಮೆಯೋ ಹೆಮ್ಮೆ. ಫೋಟೋ ತೆಗೆದು ದಾನ್ಬಿಗೆ ಕಳಿಸಿದಳು.

ಕೂಡಲೇ ಫೋನ್ ಬಂತು.

"ಏನೇ ಮಾಡಿದೆ? ಕತ್ತು ಯಾಕೆ ಇಷ್ಟುದ್ದ ಬಂದಿದೆ? ಬಣ್ಣಾನೇ ಇಲ್ಲ!"

"ಅವಕ್ಕೆ ಚಳಿ ಆಗ್ತಿತ್ತು. ಅದಕ್ಕೇ ಒಳಗಿಟ್ಟೆ."

"ಇಡ್ಬೇಡ ಅಂದಿದ್ದೆ ತಾನೆ? ನಂಗೂ ಹೀಗೇ ಮಾಡ್ತೀಯ ನೀನು! ಊಟ ಆಯ್ತಾ, ಯಾರ ಜೊತೆ ಕೂತೆ, ಅಳು ಬಂತಾ... ದಿನಾ ಇಪ್ಪತ್ತು ಮೆಸೇಜು!"

"ಬಿಟ್ಟು ಹೋದೋಳು ನೀನು! ನೋಡ್ಕೋತಿರೋಳು ನಾನು!"

ಫೋನ್ ಕಟ್ಟಾಯಿತು. ಯಾರು ಕಟ್ ಮಾಡಿದ್ದೆಂದು ನಾರೆಗೂ ಗೊತ್ತಾಗಲಿಲ್ಲ.

ಆ ವಾರವೇ ಗಿಡಗಳ ಬುಡ ಮೆತ್ತಗಾಯಿತು. ಮುಟ್ಟಿದರೆ ಬೆರಳಿಗೆ ಲೋಳೆ ಅಂಟುತ್ತಿತ್ತು. ನಾರೆ ಅಳುತ್ತಲೇ ಡಬ್ಬಿ ಎತ್ತಿಕೊಂಡು ಛಾವಣಿಯ ಮೆಟ್ಟಿಲಿಗೆ ಓಡಿದಳು. ಅಜ್ಜಿ ಅಡ್ಡ ನಿಂತರು.

"ಬೆಚ್ಚಗೆ ಇದ್ದೋವನ್ನ ಒಂದೇ ಸಲ ಮಂಜಿಗೆ ಹಾಕ್ತೀಯಾ? ಇಲ್ಲೇ ಮೆಟ್ಟಿಲ ಹತ್ರ ತಣ್ಣಗಿರೋ ಕಡೆ ಇಡು. ಕೊಳೆತಿರೋದನ್ನ ಕಿತ್ತುಬಿಡು."

ಕಿತ್ತ ಮೇಲೆ ಉಳಿದದ್ದು ನಾಲ್ಕೇ ಗಿಡ.

ಛಾವಣಿಯಲ್ಲೇ ಉಳಿದಿದ್ದ ಇನ್ನೊಂದು ಡಬ್ಬಿಗೆ ಏನಾದರೂ ಮಾಡಲೇಬೇಕೆಂದು ಅವಳು ಹಳೆಯ ಕಂಬಳಿ ತಂದಳು. "ಕಂಬಳಿ ನೆನೆದ್ರೆ ಗಿಡಾನೂ ಕೊಳೆಯತ್ತೆ," ಎಂದರು ಅಜ್ಜಿ. "ಇವಕ್ಕೆ ಚಳಿ ಏನೂ ಮಾಡಲ್ಲ. ಒದ್ದೆ ಆಗಬಾರದು, ಅಷ್ಟೇ." ಇಬ್ಬರೂ ಸೇರಿ ಡಬ್ಬಿಯ ಕೆಳಗೆ ಎರಡು ಇಟ್ಟಿಗೆ ಕೊಟ್ಟು, ನೀರು ಇಳಿದುಹೋಗುವಂತೆ ತಳದ ತೂತುಗಳನ್ನು ಬಿಡಿಸಿ, ಮೇಲೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಓರೆಯಾಗಿ ನಿಲ್ಲಿಸಿದರು. ಸುತ್ತ ಗಾಳಿ ಆಡುವಷ್ಟು ಜಾಗ ಬಿಟ್ಟರು.

ಆಮೇಲೆ ಮಾಡಲು ಏನೂ ಇರಲಿಲ್ಲ. ನಾರೆಗೆ ಅದೇ ಕಷ್ಟವಾಗಿದ್ದು. ಶಾಲೆಯಿಂದ ಬಂದವಳೇ ಮೇಲೆ ಹತ್ತುವಳು, ಕೈಗಳನ್ನು ಜೇಬಿನಲ್ಲಿಟ್ಟು ನೋಡುವಳು, ಇಳಿಯುವಳು. ದಾನ್ಬಿಗೆ ಮೆಸೇಜ್ ಬರೆಯುವಳು, ಅಳಿಸುವಳು.

ಹಿಮ ಕರಗಿ, ಛಾವಣಿಯ ಪೈಪಿನಲ್ಲಿ ನೀರು ಗುಳುಗುಳು ಹರಿಯತೊಡಗಿದ ಒಂದು ಮಧ್ಯಾಹ್ನ ಬೂದಿ ಬಣ್ಣದ ಗುಂಡಿಯಂಥ ಗಿಡಗಳ ನಡುವೆ ಹಸಿರು ಕಂಡಿತು. ಎಲೆಗಳು ಒಂದೊಂದೇ ಬಿಚ್ಚಿಕೊಳ್ಳುತ್ತಿದ್ದವು. ಬುಡದಲ್ಲಿ ಬಟಾಣಿ ಗಾತ್ರದ ಮರಿಗಿಡಗಳು!

ನಾರೆ ಫೋಟೋ ತೆಗೆಯಲಿಲ್ಲ. ಫೋನ್ ಮಾಡಿದಳು.

"ಒಂದು ಡಬ್ಬೀಲಿ ನಾಲ್ಕೇ ಉಳಿದಿವೆ. ನಾನೇ ಹಾಳು ಮಾಡಿದ್ದು," ಒಂದೇ ಉಸಿರಿಗೆ ಹೇಳಿದಳು. "ಹೊರಗಿದ್ದೋವೆಲ್ಲ ಚೆನ್ನಾಗಿವೆ. ಮರಿ ಹಾಕಿವೆ."

"ನಂಗೆ ಎರಡು ಮರಿ ತೆಗೆದಿಡು," ಎಂದಳು ದಾನ್ಬಿ. ಮತ್ತೆ, ಮೆಲ್ಲಗೆ, "ಇಲ್ಲಿ ಸ್ಕೂಲಲ್ಲಿ ನನ್ನ ಮಾತಿನ ಧಾಟಿ ಕೇಳಿ ಎಲ್ಲ ನಗ್ತಾರೆ. ಒಬ್ಬಳು ಮಾತ್ರ ನಗಲ್ಲ. ನಿನ್ನೆ ಊಟಕ್ಕೆ ನನ್ನ ಪಕ್ಕ ಬಂದು ಕೂತ್ಲು."

ನಾರೆಯ ಬಾಯಿಗೆ ಹತ್ತು ಮಾತು ಒಟ್ಟಿಗೇ ಬಂದವು. ನೀನೇ ಮೊದ್ಲು ಮಾತಾಡ್ಸು, ಚಾಕೊಲೇಟ್ ಕೊಡು, ನಕ್ಕೋರ ಹೆಸರು ಹೇಳು... ಅವಳು ತುಟಿ ಕಚ್ಚಿಕೊಂಡಳು.

"ಹೌದಾ?" ಎಂದಷ್ಟೇ ಅಂದು, ಜಾಡಿಗೆ ಒರಗಿ ಬಿಸಿಲಿಗೆ ಕಾಲು ಚಾಚಿ ಕೂತಳು.

"ಹ್ಞೂ, ಅವಳು ಏನಂದ್ಲು ಗೊತ್ತಾ..." ದಾನ್ಬಿ ತಾನಾಗಿಯೇ ಹೇಳತೊಡಗಿದಳು.