ನಿಮಿಷಕ್ಕೆ ಆರುನೂರ ಇಪ್ಪತ್ತೈದು

ಇಪ್ಪತ್ತೈದು ಸಾವಿರ ಎಂದು ಮಾರುತೇಶ ಬಾಯಿ ಬಿಟ್ಟಾಗ ನನ್ನ ಕೈಯಲ್ಲಿ ಟೀ ಲೋಟ ಇತ್ತು. ಟಿಕೆಟ್ ಮಷಿನ್ ಇದ್ದಿದ್ದರೆ ಅವನ ತಲೆಗೇ ಕುಕ್ಕುತ್ತಿದ್ದೆ. ಗುರುವಾರ ಮಧ್ಯಾಹ್ನ, ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹೋಟೆಲ್ಲು. ಅಕ್ಕಪಕ್ಕದ ಟೇಬಲ್ಲಿನಲ್ಲಿ ನಮ್ಮ ಡಿಪೊದ ಡ್ರೈವರ್‌ಗಳು ಅನ್ನ ಸಾರು ಉಣ್ಣುತ್ತಿದ್ದರು. ಅದಕ್ಕೇ ಹಲ್ಲು ಕಚ್ಚಿಕೊಂಡು ಮೆಲ್ಲಗೆ ಕೇಳಿದೆ.

"ಇನ್ನೊಂದ್ಸಲ ಹೇಳು."

"ಊರಲ್ಲಿ ನಾಟಕ ಐತೆ ಪುಷ್ಪ, ಶನಿವಾರ ರಾತ್ರಿ. ವಿಲನ್ ಪಾರ್ಟು ಹಿಡಿದೀನಿ. ಇಪ್ಪತ್ತೈದು ಸಾವಿರ."

"ಅವರು ನಿಂಗೆ ಕೊಡ್ತಾರಾ?"

"ಇಲ್ಲ... ನಾನು ಕೊಡ್ಬೇಕು. ಕೊಟ್ಟಾಯ್ತು."

ನಮ್ಮ ಕಡೆ ಊರ ನಾಟಕದ ಪದ್ಧತಿಯೇ ಹಾಗೆ. ಪಾತ್ರ ಮಾಡುವವನೇ ದುಡ್ಡು ಕಟ್ಟಬೇಕು. ಹೀರೋಗೆ ಇಷ್ಟು, ವಿಲನ್‌ಗೆ ಇಷ್ಟು, ಕಾಮಿಡಿಗೆ ಇಷ್ಟು ಅಂತ ಮೊದಲೇ ರೇಟು ಮಾತಾಡಿರುತ್ತಾರೆ. ಆ ದುಡ್ಡಿನಲ್ಲೇ ಸೀನರಿ, ಮೈಕು, ಲೈಟು, ಹಾರ್ಮೋನಿಯಂ ಮೇಷ್ಟ್ರು, ದಾವಣಗೆರೆಯಿಂದ ಬರುವ ನಟಿಯರು. ನೋಡುವವರಿಗೆ ಪುಕ್ಕಟೆ, ಬಣ್ಣ ಹಚ್ಚುವವನ ಜೇಬಿಗೆ ಕತ್ತರಿ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಮಾರುತೇಶನಂಥ ಬಾಯಿಲ್ಲದ ಮನುಷ್ಯ ಈ ಹುಚ್ಚಿಗೆ ಬೀಳುತ್ತಾನೆ ಅಂತ ಮಾತ್ರ ಗೊತ್ತಿರಲಿಲ್ಲ.

ಅದು ಯಾವ ಇಪ್ಪತ್ತೈದು ಸಾವಿರ ಗೊತ್ತಾ? ನಮ್ಮ ಮನೆಯ ಅಡ್ವಾನ್ಸು! ಚಳ್ಳಕೆರೆಯಲ್ಲಿ ಸರ್ವಮಂಗಳಮ್ಮ ಎನ್ನುವವರ ಮಹಡಿ ಮನೆ, ಅಡ್ವಾನ್ಸು ಐವತ್ತು ಸಾವಿರ. ಅರ್ಧ ನನ್ನದು, ಅರ್ಧ ಅವನದು. ಸೋಮವಾರದ ತನಕ ಕಾಯ್ತೀನಿ, ಆಮೇಲೆ ಬೇರೆಯವರಿಗೆ ಕೊಡ್ತೀನಿ ಅಂದಿದ್ದರು. ಮನೆ ಕೈಗೆ ಬಂದ ಮೇಲೆ ಪರಶುರಾಂಪುರಕ್ಕೆ ಹೋಗಿ ನಮ್ಮಪ್ಪ ಪಾಲಣ್ಣನಿಗೆ ನಮ್ಮ ಮದುವೆ ವಿಷಯ ಹೇಳುವುದು, ಅಲ್ಲಿಯತನಕ ಯಾರ ಮುಂದೂ ಬಾಯಿ ಬಿಡಬಾರದು ಅಂತ ಪ್ಲಾನ್ ಮಾಡಿದ್ದು ನಾನೇ. ಮನೆ ಮಾಡಿದ ಹುಡುಗನಿಗೆ ಅಪ್ಪ ಇಲ್ಲ ಅನ್ನಲಾರ ಅಂತ ನನ್ನ ನಂಬಿಕೆ.

"ಸ್ಟೇಜ್ ಮೇಲೆ ಎಷ್ಟೊತ್ತು ಇರ್ತೀಯ?"

"ಎಲ್ಲಾ ಸೀನೂ ಸೇರಿಸಿದ್ರೆ... ನಲವತ್ತು ನಿಮಿಷ."

"ನಿಮಿಷಕ್ಕೆ ಆರುನೂರ ಇಪ್ಪತ್ತೈದು ರೂಪಾಯಿ! ನಾನು ಬೆಳಗ್ಗೆಯಿಂದ ಸಂಜೆತನಕ ಬಸ್ಸಲ್ಲಿ ನಿಂತು ದುಡಿದದ್ದು ನಿನ್ನ ಎರಡು ನಿಮಿಷಕ್ಕೆ ಸಾಲಲ್ಲ ಕಣೋ. ಅದೂ ಹೀರೋ ಅಲ್ಲ, ವಿಲನ್. ಕೊನೆಗೆ ಒದೆ ತಿನ್ನೋಕೆ ದುಡ್ಡು ಕೊಟ್ಟಿದ್ದೀಯ!"

ಅವನು ನಕ್ಕ. ಅವನ ನಗು ಬರುವುದು ಮೊದಲು ಕಣ್ಣಿಗೆ, ಆಮೇಲೆ ಎಡಗೆನ್ನೆಗೆ, ಬಾಯಿಗೆ ಬರುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ. ಬೇರೆ ದಿನ ಆಗಿದ್ದರೆ ಅದನ್ನು ನೋಡುತ್ತಾ ಟೀ ಆರಿಸಿಕೊಳ್ಳುತ್ತಿದ್ದೆ. ಅವತ್ತು ಮೈಯೆಲ್ಲ ಉರಿಯಿತು.

ಎರಡು ವರ್ಷದ ಹಿಂದೆಯೂ ಹೀಗೇ ನಕ್ಕಿದ್ದ. ಮೊಳಕಾಲ್ಮುರಿನಲ್ಲಿ ಅವನದು ಮೋಟರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನ ಮೋಟರ್ ಒಂದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ನನ್ನ ಬಸ್ಸಿಗೆ ಹತ್ತಿದ. ಲಗೇಜ್ ಟಿಕೆಟ್ ತಗೊಳ್ಳಿ ಅಂದರೆ ಇದನ್ನ ಮಗು ಥರ ತೊಡೆ ಮೇಲೆ ಇಟ್ಕೊಂತೀನಿ ಅಂದ. ದಾರಿಯ ಹಾನಗಲ್ ಹಳ್ಳಿ ಬರುವತನಕ ಬೈದೆ. ಅವನು ಬೈಸಿಕೊಂಡು, ದುಡ್ಡು ಕೊಟ್ಟು, ಇಳಿಯುವಾಗ, "ಕಂಡಕ್ಟ್ರೇ, ನಾಳೆ ಇದೇ ಬಸ್ಸಿಗೆ ಬರ್ತೀರಾ? ಇನ್ನೊಂದ್ ಮೋಟ್ರು ಐತೆ," ಅಂದ. ಮಾರನೆಯ ದಿನ ಮೋಟರ್ ಇಲ್ಲದೆ ಬಂದ.

"ಯಾಕೆ ಬೇಕಿತ್ತು ಇದು? ಒಂದು ಕಾರಣ ಹೇಳು," ಅಂದೆ.

"ಬಂದು ನೋಡು. ನೋಡಿದ್ಮೇಲೆ ದಂಡ ಅಂದ್ರೆ ದಂಡ. ನೀನು ಹೇಳಿದ್ದೇ ಕೊನೆ ಮಾತು."

"ನಂಗೆ ನೋಡೋದೇ ಬೇಡ. ದಂಡವೇ."

ಆಗ ಅವನಿಗೂ ರೇಗಿತು. ಅವನಿಗೆ ರೇಗಿದರೆ ದನಿ ಇನ್ನೂ ತಗ್ಗುತ್ತದೆ. "ಎರಡು ವರ್ಷದಾಗೆ ನಾವಿಬ್ರೂ ಖುಷಿಗೆ ಅಂತ ಖರ್ಚು ಮಾಡಿದ್ದು ಒಂದೇ ಒಂದು ಸಿನಿಮಾಕ್ಕೆ. ಅದ್ರಾಗೂ ಇಂಟರ್‌ವಲ್‌ನಲ್ಲಿ, ಇಲ್ಲೀತಂಕ ಎಪ್ಪತ್ತು ರೂಪಾಯಿ ಹೋಯ್ತು, ಎರಡೇ ಸಲ ನಗು ಬಂತು ಅಂತ ಲೆಕ್ಕ ಹೇಳ್ದೆ. ಮನೆ ಆಗ್ಲಿ ಅಂತೀಯ. ಮನೆ ಆದ್ಮೇಲೆ ಮಂಚ ಆಗ್ಲಿ ಅಂತೀಯ. ನಮ್ಮಪ್ಪಂಗೆ ಹೇಳ್ತೀನಿ ಅಂತ ಮಾತ್ರ ಅನ್ನಲ್ಲ. ನಾನು ಯಾರು ಪುಷ್ಪ ನಿಂಗೆ? ಡೈಲಿ ಪ್ಯಾಸೆಂಜರ್ರಾ?"

ಅದು ನಿಜವಾಗಿತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು.

"ಹೂಂ, ಪ್ಯಾಸೆಂಜರ್ರೇ. ಸ್ಟಾಪ್ ಬಂತು, ಇಳ್ಕೋ. ನಿಂಗೂ ನಂಗೂ ಮುಗೀತು," ಅಂದುಬಿಟ್ಟೆ. ಟೀ ದುಡ್ಡು ಇಬ್ಬರದ್ದೂ ನಾನೇ ಕೊಟ್ಟು ಎದ್ದು ಬಂದೆ. ಹಿಂದೆ ತಿರುಗಿ ನೋಡಲಿಲ್ಲ.

ಶುಕ್ರವಾರ ಅವನು ಆರು ಸಲ ಫೋನ್ ಮಾಡಿದ, ಎತ್ತಲಿಲ್ಲ. ಶನಿವಾರ ಮಾಡಲೇ ಇಲ್ಲ. ಮಾಡದೇ ಹೋದದ್ದಕ್ಕೆ ಶುಕ್ರವಾರಕ್ಕಿಂತ ಹೆಚ್ಚು ಬೈದುಕೊಂಡೆ. ಮುಗಿಯಿತು ಅಂದವಳು ನಾನು, ಅನ್ನ ಸೇರದೆ ಕೂತವಳೂ ನಾನು.

ಭಾನುವಾರ ನನಗೆ ಐದೂಕಾಲರ ಮೊದಲ ಟ್ರಿಪ್ಪು, ಮೊಳಕಾಲ್ಮುರು ಮೇಲೆ ರಾಂಪುರ. ಡ್ರೈವರ್ ಹುಲಿಯಪ್ಪಣ್ಣ. ಸಿದ್ದಾಪುರ ದಾಟಿ ಮಾರುತೇಶನ ಊರು ಮುಟ್ಟುವಾಗ ಏಳು ಗಂಟೆ, ಗುಡ್ಡದ ಬಂಡೆಗಳ ಮೇಲೆ ಬಿಸಿಲು ಬಿದ್ದಿತ್ತು. ನಾಟಕ ಆಗಲೇ ಮುಗಿದು ಎಲ್ಲ ಮಲಗಿರುತ್ತಾರೆ ಅಂತ ನಾನು ಧೈರ್ಯವಾಗಿದ್ದೆ. ಬಸ್ಸು ಗಕ್ಕನೆ ನಿಂತಿತು.

ನಾಟಕ ಮುಗಿದಿರಲಿಲ್ಲ! ರೋಡಿಗೇ ಅಂಟಿಕೊಂಡಂತೆ ಸ್ಟೇಜ್ ಕಟ್ಟಿದ್ದರು. ಜನ ಟಾರಿನ ಮೇಲೇ ಚಾಪೆ ಹಾಸಿಕೊಂಡು ಕೂತಿದ್ದರು. ಅರ್ಧ ಜನ ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದ್ದರು, ಉಳಿದರ್ಧ ಬಿದ್ದು ಬಿದ್ದು ನಗುತ್ತಿದ್ದರು. ಹುಲಿಯಪ್ಪಣ್ಣ ಹಾರ್ನ್ ಹೊಡೆದರೆ, "ಹತ್ ನಿಮಿಷ ತಡಿಯಣ್ಣೋ, ಈ ಸೀನ್ ಒಂದು ಮುಗೀಲಿ," ಅಂತ ಕೈ ಮುಗಿದರು.

ಸ್ಟೇಜಿನ ಮೇಲೆ ಮಾರುತೇಶ ಇದ್ದ. ಗಿರಿಜಾ ಮೀಸೆ, ಕೆಂಪು ಶಾಲು, ಬೆಳಗಿನ ಬಿಸಿಲಿಗೆ ಕರಗುತ್ತಿದ್ದ ಬಣ್ಣ. ನಾಲ್ಕು ಜನ ಆಳುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಬೈಯುತ್ತಿದ್ದ. ಎಡಗೈ ಸೊಂಟದ ಮೇಲೆ, ಗದ್ದ ಮೇಲಕ್ಕೆತ್ತಿ, ಕಿವಿಯ ಸಂದಿಯಲ್ಲಿ ಪೆನ್ನು.

"ಏನ್ ನೋಡ್ತೀರ ಮಿಕಮಿಕ ಅಂತ? ಮುಂದೆ ಜಾಗ ಐತಲ್ಲ, ಮುಂದೆ ಹೋಗೋಕೇನು ರೋಗ? ಬಾಯಲ್ಲಿ ಹೇಳಿದ್ರೆ ತಿಳಿಯಲ್ವಾ, ಬರೆದು ಕೊಡ್ಲಾ?"

ಕಿವಿಯಿಂದ ಪೆನ್ನು ತೆಗೆದು ಅಂಗೈಗೆ ಟಪ್ ಟಪ್ ಅಂತ ಹೊಡೆದುಕೊಂಡ. ಬಸ್ಸಿನೊಳಗೆ ಮೊದಲು ಒಬ್ಬಳು ಕಿಸಕ್ಕೆಂದಳು, ಆಮೇಲೆ ಇಡೀ ಬಸ್ಸು. ಹಿಂದಿನ ಸೀಟಿನ ಅಜ್ಜಿ ಕೂಗಿಯೇಬಿಟ್ಟಳು, "ಅಯ್ಯೋ ಶಿವನೇ, ಇದು ನಮ್ ಕಂಡಕ್ಟ್ರಮ್ಮ ಅಲ್ಲೇನ್ರೇ!"

ನನಗೆ ಆಮೇಲೆ ಹೊಳೆಯಿತು. ಆ ಸೊಂಟದ ಕೈ ನನ್ನದು. ಆ ಪೆನ್ನು, ಆ ಗದ್ದ, ಆ ಮಾತು, ಎಲ್ಲ ನನ್ನದೇ. ಇಪ್ಪತ್ತೈದು ಸಾವಿರ ಸುರಿದು, ಮನೆ ಕಳೆದು, ಊರ ಮುಂದೆ ನನ್ನ ಅಣಕ ಮಾಡುತ್ತಿದ್ದಾನೆ! ಮೆಟ್ಟಿಲಿಂದ ಹಾರಿದೆ. ಚಾಪೆ, ಚೊಂಬು, ಮಲಗಿದವರ ಕಾಲು ಎಲ್ಲ ದಾಟಿಕೊಂಡು ನೆಟ್ಟಗೆ ಸ್ಟೇಜಿನ ಬುಡಕ್ಕೆ ಹೋದೆ. ಅವನ ಮೀಸೆ ಕಿತ್ತು ಕೈಗೆ ಕೊಟ್ಟೇ ಬರುವುದು ಅಂತ ತೀರ್ಮಾನ ಮಾಡಿದ್ದೆ.

ನಾಟಕದ ನಡುವೆ ಸ್ಟೇಜಿನ ಹತ್ತಿರ ಯಾರಾದರೂ ಎದ್ದು ಬಂದರೆ ನಮ್ಮ ಊರುಗಳಲ್ಲಿ ಅರ್ಥ ಒಂದೇ. ಪಾತ್ರ ಮೆಚ್ಚಿ ಆಯೇರಿ ಕೊಡಲು ಬಂದಿದ್ದಾರೆ, ನೋಟು ಪಿನ್ ಮಾಡಿ ಮೈಕಿನಲ್ಲಿ ಹೆಸರು ಕೂಗಬೇಕು. ಹಾರ್ಮೋನಿಯಂ ಮೇಷ್ಟ್ರು ಏಕಾಂತಪ್ಪನವರು ಒಂದು ಸ್ವರ ಎಳೆದು ಆಟ ನಿಲ್ಲಿಸಿದರು, ಮೈಕು ಹಿಡಿದರು.

"ವಿಲನ್ ಪಾತ್ರವನ್ನು ಮೆಚ್ಚಿ, ಸರ್ಕಾರಿ ಬಸ್ಸಿನ ಕಂಡಕ್ಟರ್ ಮೇಡಮ್ಮನವರು, ಡ್ಯೂಟಿ ಮೇಲೆ ಇದ್ರೂ ಆಯೇರಿ ಕೊಡೋಕೆ ಬಂದಿದ್ದಾರೆ! ಹೆಸರು ಹೇಳವ್ವ. ಎಷ್ಟು ಅಂತ ಕೂಗ್ಲಿ?"

ಚಪ್ಪಾಳೆ ಬಿತ್ತು. ನಾನು ಮೀಸೆಗೆ ಚಾಚಿದ ಕೈ ಹಾಗೇ ನಿಂತಿತು.

ಮಾರುತೇಶ ನನ್ನನ್ನು ನೋಡಿದ. ಮುಖ ಒಂದು ಕಡೆ ತಿರುಗಿಸಿದ, ಯಾರಿಗೂ ಕಾಣದಂತೆ ಕೆಳತುಟಿ ಕಚ್ಚಿಕೊಂಡ. ಆ ಕೂಡಲೇ ಎದುರು ನಿಂತಿದ್ದ ಆಳಿನ ಹೆಗಲ ಶಾಲು ಜಾರಿದ್ದನ್ನು ಸರಿಮಾಡಿದ. ಅದೂ ನಾನೇ. ಬೈದು ಮುಗಿಸಿದ ಮೇಲೆ ನನಗೆ ಅಯ್ಯೋ ಅನ್ನಿಸುತ್ತದೆ. ಆಗ ಮುಖ ತಿರುಗಿಸಿ ತುಟಿ ಕಚ್ಚುತ್ತೇನೆ, ಬೈಸಿಕೊಂಡವರ ಚೀಲ ಇಳಿಸಿಕೊಡುತ್ತೇನೆ. ಹೆತ್ತವ್ವನಿಗೂ ಗೊತ್ತಿರದ ಸಂಗತಿ. ಇವನು ಎರಡು ವರ್ಷ ಕಿಟಕಿ ಪಕ್ಕ ಕೂತು ಹೊರಗೆ ನೋಡಿಯೇ ಇರಲಿಲ್ಲ.

"ಹೇಳವ್ವ, ಎಷ್ಟು?" ಏಕಾಂತಪ್ಪನವರು ಮೈಕು ನನ್ನ ಬಾಯಿಗೇ ತಂದರು.

ಟಿಕೆಟ್ ದುಡ್ಡಿನ ಚೀಲ ಮುಟ್ಟುವ ಹಾಗಿಲ್ಲ. ನನ್ನ ಸ್ವಂತ ಪರ್ಸಿನಿಂದ ನೂರರ ನೋಟು ತೆಗೆದೆ, ಒಂದು ರೂಪಾಯಿ ಹುಡುಕಿದೆ.

"ನೂರಾ ಒಂದು. ಪುಷ್ಪಲತಾ. ಆದ್ರೆ ಮೆಚ್ಚಿ ಅಂತ ಕೂಗ್ಬೇಡಿ. ನಾನೇನೂ ಮೆಚ್ಚಿಲ್ಲ."

ಜನ ಗೊಳ್ಳೆಂದರು. ಏಕಾಂತಪ್ಪನವರಿಗೆ ಫಜೀತಿಯಾಯಿತು. "ಮತ್ತೇನಂತ ಕೂಗೋದವ್ವ? ಈ ಹುಡುಗ ನಿಂಗೆ ಏನಾಗ್ಬೇಕು?"

ಎರಡು ವರ್ಷ ನಾನು ತಪ್ಪಿಸಿಕೊಂಡು ಓಡಾಡಿದ ಪ್ರಶ್ನೆ. ಬಸ್ಸಿನಲ್ಲಿ ನಮ್ಮ ಪರಶುರಾಂಪುರದವರೇ ಇಬ್ಬರು ಇದ್ದರು. ಯಾರೂ ಅಲ್ಲ ಅಂದರೆ ಅಲ್ಲಿಗೆ ನಿಜವಾಗಿಯೂ ಮುಗಿಯುತ್ತಿತ್ತು. ಮಾರುತೇಶ ಪೆನ್ನು ಹಿಡಿದುಕೊಂಡೇ ನಿಂತಿದ್ದ, ಅಂಟಿಸಿದ ಮೀಸೆಯ ಒಂದು ತುದಿ ಬಿಟ್ಟುಕೊಂಡಿತ್ತು. ಅವನ ಕಣ್ಣಿನಲ್ಲಿ ನಗು ಇರಲಿಲ್ಲ. ಭಯ ಇತ್ತು. ನನಗೆ ತಡೆಯಲಾಗಲಿಲ್ಲ.

"ಗಂಡ ಆಗೋನು!" ಅಂದೆ. ಮೈಕು ಕೀ ಅಂತ ಕಿರುಚಿತು. "ಇವನು ನಿಮಗೆಲ್ಲ ಸುರಿದ ಇಪ್ಪತ್ತೈದು ಸಾವಿರ ಐತಲ್ಲ, ಅದು ನಾವು ಸಂಸಾರ ಹೂಡೋ ಮನೆ ಅಡ್ವಾನ್ಸು. ಪುಕ್ಕಟೆ ಅಂತ ಮಲ್ಕೊಂಡು ನೋಡ್ತೀರಾ? ಎದ್ದು ಕೂತು ನೋಡ್ರಿ!"

ಶಿಳ್ಳೆ, ಕೇಕೆ ಎದ್ದವು. ಮಲಗಿದ್ದವರೂ ನಿಜವಾಗಿಯೂ ಎದ್ದು ಕೂತರು. ಮುಂದಿನ ಚಾಪೆಯಲ್ಲಿದ್ದ ಅವನವ್ವ ಕೆಂಚಕ್ಕ, ಅಲ್ಲಿಯತನಕ ನನ್ನ ಹೆಸರೂ ಕೇಳಿರದವಳು, ಸೆರಗು ಸರಿಮಾಡಿಕೊಂಡು ಎದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಂಗೆ ಇವ್ನೇ ಸಿಕ್ಕನೇನವ್ವ? ಬಾಯಿ ಬಲ ಐತೆ, ಬದುಕ್ತೀಯ ಬಿಡು," ಅಂತ ನನ್ನ ಗಲ್ಲ ಹಿಡಿದಳು. ನಾನು ಬಗ್ಗಿ ಅವಳ ಕಾಲು ಮುಟ್ಟಿದೆ.

ವಿಲನ್‌ಗೆ ಮುಂದಿನ ಮಾತು ಮರೆತೇಹೋಯಿತು. ಪರದೆ ಪಕ್ಕದಿಂದ ಮೂರು ಸಲ ಹೇಳಿಕೊಟ್ಟರೂ ಬಾಯಿಗೆ ಬರಲಿಲ್ಲ. ಹುಲಿಯಪ್ಪಣ್ಣ ಬಿಡದೆ ಹಾರ್ನ್ ಹೊಡೆದ, ಜನ ಎದ್ದು ದಾರಿ ಬಿಟ್ಟರು. ನಾನು ಬಸ್ ಹತ್ತುವಷ್ಟರಲ್ಲಿ ಅವನು ಸ್ಟೇಜಿನಿಂದ ಧುಮುಕಿ ಓಡಿ ಬಂದು ಬಾಗಿಲ ಕಂಬಿ ಹಿಡಿದುಕೊಂಡ. ಎದೆ ಮೇಲೆ ಮೇಷ್ಟ್ರು ಪಿನ್ ಮಾಡಿದ್ದ ನನ್ನ ನೂರರ ನೋಟು ಪಟಪಟ ಅನ್ನುತ್ತಿತ್ತು.

"ಈಗ ಹೇಳು ಪುಷ್ಪ. ದುಡ್ಡಿಗೆ ತಕ್ಕಂಗಿತ್ತಾ?"

"ಇಲ್ಲ. ದಂಡ. ಶುದ್ಧ ದಂಡ."

"ಒಂಚೂರೂ?"

"ಬೈಯೋಕೇ ಬರಲ್ಲ ನಿಂಗೆ. ನಾನು ಬೈವಾಗ ಒಳಗೆ ಎದೆ ಢವಢವ ಅಂತಿರ್ತೈತೆ. ನಿನ್ ಹತ್ರ ಬೈವಾಗಂತೂ, ಇವನು ಎದ್ದು ಹೋದ್ರೆ ಏನಪ್ಪಾ ಗತಿ ಅಂತ ಜೀವವೇ ಹೋಗಿರ್ತೈತೆ. ಅದನ್ನೆಲ್ಲಿ ತೋರಿಸ್ದೆ?"

ಕಂಬಿ ಹಿಡಿದಿದ್ದ ನನ್ನ ಬೆರಳುಗಳ ಮೇಲೆ ಅವನು ತನ್ನ ಬಣ್ಣದ ಬೆರಳುಗಳನ್ನು ಇಟ್ಟ. ಇಡೀ ಬಸ್ಸು ನೋಡುತ್ತಿತ್ತು. ನಾನು ಕೈ ತೆಗೆಯಲಿಲ್ಲ.

"ಅದು ನಂಗೆ ಗೊತ್ತಿರಲಿಲ್ಲ," ಅಂದ. "ಸತ್ಯವಾಗ್ಲೂ ಗೊತ್ತಿರಲಿಲ್ಲ ಪುಷ್ಪ."

"ಈಗ ಗೊತ್ತಾಯ್ತಲ್ಲ. ಸಂಜೆ ನಿಮ್ಮವ್ವನ್ನ ಕರ್ಕೊಂಡು ಪರಶುರಾಂಪುರಕ್ಕೆ ಬಾ."

"ಮನೆ? ಅಡ್ವಾನ್ಸು?"

"ಮನೆ ಹೋಯ್ತು, ನಿನ್ ಮೀಸೆಗೆ. ಇನ್ನೊಂದು ದುಡ್ಕೊಂಡು ಹುಡ್ಕೋಣ. ಇಳಿ ಈಗ, ಟೈಮಾಯ್ತು."

ಸೀಟಿ ಊದಿದೆ. ಬಸ್ಸು ಹೊರಟಿತು. ಪರಶುರಾಂಪುರದ ಆ ಇಬ್ಬರು ಆಗಲೇ ಫೋನ್ ಕೈಗೆತ್ತಿಕೊಂಡಿದ್ದರು. ಅವರಿಗಿಂತ ಮೊದಲು ನಾನೇ ಅಪ್ಪನಿಗೆ ಹಚ್ಚಿದೆ.

"ಅಪ್ಪಾ, ಸಂಜೆ ಎಲ್ಲೂ ಹೋಗ್ಬೇಡ. ನಾನು ಮದುವೆ ಆಗೋ ಹುಡುಗ ಬರ್ತಾನೆ."

ಆ ಕಡೆ ಅಪ್ಪ ಹೈ ಹೈ ಅಂತ ಕುರಿಗಳನ್ನು ಅತ್ತ ಅಟ್ಟಿದ್ದು ಕೇಳಿಸಿತು. ಆಮೇಲೆ ಅಪ್ಪ ಕೇಳಿದ, "ಮನೆ ಐತೇನವ್ವ ಅವಂಗೆ?"

"ಇಲ್ಲಪ್ಪ."

"ಕೈಯಾಗೆ ದುಡ್ಡು?"

"ಅದೂ ಇಲ್ಲ. ಇದ್ದದ್ದನ್ನ ನಾಟಕಕ್ಕೆ ಸುರಿದ. ನಂಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂದೈತೆ," ಅಂದೆ. "ಅವನೇ ಬೇಕಪ್ಪ ನಂಗೆ."