ಖಾಲಿ ಎಂದು ಬರೆದ ಸೀಸೆ

ಒಡೆದದ್ದು ಬೆರಳುದ್ದದ ಒಂದು ಸೀಸೆ. ಖಾಲಿಯಾದದ್ದು ಮೂರಂತಸ್ತಿನ ಕಟ್ಟಡ.

ಅದು ವಿಷದ ಅಸ್ತ್ರಗಳನ್ನು ತಡೆಯಲು ಮನುಷ್ಯರು ಪಟ್ಟ ಪಾಡನ್ನೆಲ್ಲ ಕೂಡಿಟ್ಟ ದಾಖಲೆಮನೆ. ಒಪ್ಪಂದಗಳು, ತಪಾಸಣೆಯ ವರದಿಗಳು, ಬದುಕುಳಿದವರ ಹೇಳಿಕೆಗಳು, ಎಲ್ಲಕ್ಕೂ ಒಂದೊಂದು ಸಂಖ್ಯೆ, ಒಂದೊಂದು ಪೆಟ್ಟಿಗೆ. ಓದುವ ಕೋಣೆಯ ಕಪಾಟಿನಲ್ಲಿ ಮಾತ್ರ ಕಾಗದವಲ್ಲದ ಒಂದು ವಸ್ತುವಿತ್ತು. ಮುಚ್ಚಿಹೋದ ಕಾರ್ಖಾನೆಯಲ್ಲಿ ಸಿಕ್ಕ ಸೀಸೆ. ದಾಖಲೆಗಳ ಸೂಚಿಯಲ್ಲಿ ಅದರ ಮುಂದೆ ಹೀಗೆ ಬರೆದಿತ್ತು: 'ಸಾಸಿವೆ ಅನಿಲದ ಮಾದರಿ ಸೀಸೆ. ಖಾಲಿ.'

ಈಗ ಅದು ನೆಲದ ಮೇಲೆ ಚೂರಾಗಿತ್ತು. ಚೂರುಗಳ ನಡುವೆ ಹಳದಿ ಜಿಡ್ಡು. ಮೂಗಿಗೆ ಅಡರುವ ಸಾಸಿವೆಯ ಘಾಟು.

ಇನ್ಸ್‌ಪೆಕ್ಟರ್ ಜೀಪಿನಿಂದ ಇಳಿದಾಗ ಜನ ರಸ್ತೆಯಾಚೆ ನಿಂತಿದ್ದರು. ಒಬ್ಬರನ್ನೊಬ್ಬರು ಮುಟ್ಟುತ್ತಿರಲಿಲ್ಲ. ಒಬ್ಬ ಕೆಮ್ಮಿದ. ಅವನ ಸುತ್ತಲಿನ ಜಾಗ ತಾನಾಗಿ ತೆರವಾಯಿತು.

ದಾಖಲೆಮನೆಯ ಮುಖ್ಯಸ್ಥೆ ಓಡಿಬಂದರು. ಸೊಂಟದಲ್ಲಿ ಸದಾ ಬೀಗದ ಕೈಗಳ ಗೊಂಚಲು ಇರುವುದರಿಂದ ಎಲ್ಲರ ಬಾಯಲ್ಲೂ ಆಕೆ ಬೀಗದಮ್ಮ.

"ನಿಮ್ಮ ತಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ರಮ್ಮ. ಯಾರಾದ್ರೂ ತುಳಿದಾರು ಅಂತ ಆ ಜಿಡ್ಡನ್ನ ಕರ್ಚೀಫಲ್ಲಿ ಒರೆಸೋಕೆ ಹೋದ. ಕೈಗೆಲ್ಲ ಮೆತ್ತಿಕೊಂಡಿತ್ತು."

ಇನ್ಸ್‌ಪೆಕ್ಟರ್ ಕಟ್ಟಡದತ್ತ ತಿರುಗಿ ನೋಡಿದಳು. ಆ ದಾಖಲೆಗಳಿಗೆಲ್ಲ ಸೂಚಿ ಬರೆದವನು ಅವಳ ತಮ್ಮ. ತಾಯಿ ಹೋದ ಮೇಲೆ ಅವನಿಗೆ ಉಣ್ಣಿಸಿ ಮಲಗಿಸಿದವಳು ಅವಳೇ.

ವಿಷ ತಡೆಯುವ ಮುಸುಕು ತೊಟ್ಟ ಸಿಬ್ಬಂದಿ ಒಳಗೆ ಹೋಗಿ ಬಂದರು. ಇನ್ನೊಂದು ಸುದ್ದಿ ತಂದರು. ಓದುವ ಕೋಣೆಯ ಮೇಜಿನ ಮೇಲಿದ್ದ ಪೆಟ್ಟಿಗೆಯೊಳಗೆ ಒಂದು ಹಾಳೆಯೂ ಇಲ್ಲ.

ಬೀಗದಮ್ಮ ಎದೆ ಹಿಡಿದುಕೊಂಡರು. ಅದರಲ್ಲಿದ್ದದ್ದು ಅದೇ ಕಾರ್ಖಾನೆಯ ಕೆಲಸಗಾರರ ಹೇಳಿಕೆಗಳು. ಮರುದಿನ ವಿಚಾರಣೆಗೆ ಹೋಗಬೇಕಾದವು. ಹೇಳಿದವರಲ್ಲಿ ಅರ್ಧ ಜನ ಈಗ ಬದುಕಿಲ್ಲ. ಬೇರೆ ಪ್ರತಿಯಿಲ್ಲ.

ಮೇಲಧಿಕಾರಿಯ ಫೋನು ಬಂತು. "ಸೀಸೆ ಖಾಲಿ ಅಂತ ಬರೆದೋನು ನಿಮ್ಮ ತಮ್ಮ. ಪೆಟ್ಟಿಗೆ ಹೊರಗೆ ತಂದಿಟ್ಟೋನೂ ಅವನೇ. ಸಂಜೆವರೆಗೂ ಟೈಮ್ ಕೊಡ್ತೀನಿ. ಆಮೇಲೆ ಕೇಸು ಬೇರೆಯವರಿಗೆ. ಅವನನ್ನ ಅವರು ವಿಚಾರಿಸ್ಕೋತಾರೆ."

* * *

"ಸೀಸೆ ಒಡೆದಾಗ ಕೋಣೇಲಿ ಯಾರಿದ್ರು?" ಇನ್ಸ್‌ಪೆಕ್ಟರ್ ಬೀಗದಮ್ಮನನ್ನು ಕೇಳಿದಳು.

"ಸಂಶೋಧನೆಗೆ ಬರೋರು ಒಬ್ಬರು. ನಿಮ್ಮ ತಮ್ಮ ಅವರಿಗೇ ಏನೋ ತರೋಕೆ ಒಳಗೆ ಹೋಗಿದ್ದ. ನಾನು ಪಕ್ಕದ ಕೋಣೇಲಿದ್ದೆ."

"ಅಪಾಯದ ಗಂಟೆ ಹೊಡೆದ ಮೇಲೂ ನೀವು ಒಳಗೇ ಇದ್ರಂತೆ?"

"ಇದ್ದೆ. ಕಿಟಕಿ ಹಾಕ್ತಿದ್ದೆ."

"ಅಂಥ ಹೊತ್ತಲ್ಲಿ ಕಿಟಕಿನಾ?"

"ಅಭ್ಯಾಸ ಕಣಮ್ಮ. ಯಮ ಬಂದು ಕರೆದ್ರೂ ಬೀಗ ಎಳೆದು ನೋಡಿನೇ ಹೊರಡೋಳು ನಾನು."

ಆಕೆಯ ಚೀಲ ಜಾಲಾಡಿದರು. ಕನ್ನಡಕ, ಮಾತ್ರೆ, ಕಪ್ಪಾದ ಒಂದು ಬಾಳೆಹಣ್ಣು. ಹೊರಗೆ ನಿಂತಿದ್ದವರ ಚೀಲಗಳನ್ನೂ ಬಿಡಲಿಲ್ಲ. ಕಟ್ಟಡದ ಮೂಲೆ ಮೂಲೆಯನ್ನೂ ಬಿಡಲಿಲ್ಲ. ಅಷ್ಟು ದಪ್ಪ ಕಂತೆ ಗಾಳಿಯಲ್ಲಿ ಕರಗಿದಂತಿತ್ತು.

* * *

ಆಸ್ಪತ್ರೆಯ ಗಾಜಿನ ಗೋಡೆಯಾಚೆ ತಮ್ಮ ಕೂತಿದ್ದ. ಬಲಗೈಯನ್ನು ಮೈಯಿಂದ ದೂರ ಚಾಚಿದ್ದ, ಅದು ಬೇರೆ ಯಾರದೋ ಎಂಬಂತೆ. ಇಬ್ಬರೂ ಫೋನಿನಲ್ಲೇ ಮಾತಾಡಿದರು.

"ಉರೀತಾ ಇದೆಯೇನೋ?"

"ಇಲ್ಲ ಅಕ್ಕ. ಏನೂ ಆಗ್ತಿಲ್ಲ."

"ಅಬ್ಬ! ದೇವರು ದೊಡ್ಡವನು."

"ಅದೇ ಭಯ ಅಕ್ಕ." ಅವನು ಚಾಚಿದ ಕೈಯನ್ನೇ ನೋಡಿದ. "ಆ ಹೇಳಿಕೆಗಳನ್ನೆಲ್ಲ ಓದಿದೀನಿ. ಸೋರಿದ ದಿನ ಅವರಿಗೂ ಏನೂ ಆಗಿರ್ಲಿಲ್ಲ. ಮನೆಗೆ ಹೋದ್ರು, ಉಂಡ್ರು, ಮಕ್ಕಳನ್ನ ತಬ್ಕೊಂಡು ಮಲಗಿದ್ರು. ಉರಿ, ಬೊಬ್ಬೆ ಎಲ್ಲ ಬಂದಿದ್ದು ಗಂಟೆಗಟ್ಟಲೆ ಕಳೆದ ಮೇಲೆ. ಅದು ಸದ್ದಿಲ್ಲದೆ ಬಂದು ಕೂತ್ಕೊಳ್ಳತ್ತೆ ಅಕ್ಕ. ಆಮೇಲೆ ಏಳತ್ತೆ."

"ಸೀಸೆ ಖಾಲಿ ಇತ್ತು ತಾನೆ?"

"ಬೆಳಕಿಗೆ ಹಿಡಿದು ನೋಡೇ ಬರೆದೆ. ಈಗ ನನ್ನ ಕಣ್ಣನ್ನೇ ನಾನು ನಂಬ್ತಿಲ್ಲ."

ಅವಳು ಗಾಜಿನ ಮೇಲೆ ಅಂಗೈಯಿಟ್ಟಳು. ಅವನು ಎಡಗೈಯನ್ನೂ ಎತ್ತಲಿಲ್ಲ.

* * *

ನಡುವೆ ಗಾಜಿನ ಗೋಡೆಯಿದ್ದ ಪಕ್ಕದ ಕೋಣೆಯಲ್ಲಿ ಆ ಸಂಶೋಧಕ ಮಲಗಿದ್ದ. ಜಿಡ್ಡನ್ನು ಕೈಯಾರೆ ಮುಟ್ಟಿರದ ಇವನ ಬಳಿಗೆ ಹೋಗಲು ಬಿಟ್ಟರು. ವಯಸ್ಸು ನಲವತ್ತರ ಆಚೀಚೆ. ಮೆದು ಮಾತು. ಎಡ ಮಣಿಕಟ್ಟಿನ ಮೇಲೆ ಕೆಂಪು ಬೊಬ್ಬೆಗಳು ಉಬ್ಬಿದ್ದವು.

"ಕಪಾಟಿನ ಪಕ್ಕದಲ್ಲಿ ನಿಂತಿದ್ದೆ ಮೇಡಂ. ಸೀಸೆ ಹೇಗೋ ಉರುಳಿತು. ಘಾಟು ಬಂತು, ಕಣ್ಣು ಕತ್ತಲೆ ಕಟ್ಟಿತು. ನೋಡ್ತಿದ್ದ ಹಾಗೇ ಬೊಬ್ಬೆ ಎದ್ವು."

"ನೋಡ್ತಿದ್ದ ಹಾಗೇ?"

"ಕಣ್ಣೆದುರೇ. ವಿಷ ಅಂದ್ರೆ ಹಾಗೇ ಅಲ್ವಾ?"

ಮೂಲೆಯಲ್ಲಿ ಬಾಯಿ ಬಿಗಿದ ಹಳದಿ ಚೀಲವೊಂದಿತ್ತು. ಮೇಲೆ ದಪ್ಪ ಅಕ್ಷರ: ಮುಟ್ಟಬಾರದು.

"ಅದೇನು ಸಿಸ್ಟರ್?"

"ಇವರು ತೊಟ್ಟಿದ್ದ ಬಟ್ಟೆ, ಹೆಗಲಿನ ಬ್ಯಾಗು. ವಿಷ ತಾಗಿದೆಯಲ್ಲ, ಸಂಜೆ ಸುಡೋ ಒಲೆಗೆ ಹೋಗತ್ತೆ. ನಿಮ್ಮ ತಮ್ಮಂದು ಇನ್ನೊಂದು ಚೀಲ."

ಇನ್ಸ್‌ಪೆಕ್ಟರ್ ನಿಂತಲ್ಲೇ ನಿಂತಳು. ಎಲ್ಲವನ್ನೂ ಜಾಲಾಡಿದ್ದರು. ಈ ಹಳದಿ ಚೀಲಗಳನ್ನು ಬಿಟ್ಟು.

ತಮ್ಮ ಹೇಳಿದ್ದು ನಿಜವಾದರೆ ಈ ಬೊಬ್ಬೆ ಸುಳ್ಳು. ಈ ಬೊಬ್ಬೆ ನಿಜವಾದರೆ ಚೀಲದೊಳಗೆ ಸಾವಿದೆ. ಮೂರನೆಯ ದಾರಿಯಿಲ್ಲ. ಅವಳು ಕಣ್ಣು ಮುಚ್ಚಿದಳು. ತಪ್ಪಿದರೆ ನನ್ನ ಕೈಗೇ ಆಗಲಿ ದೇವರೇ, ಮಗುವನ್ನು ಉಳಿಸು ಎಂದಳು. ಮೂವತ್ತು ದಾಟಿದರೂ ಅವನು ಅವಳಿಗೆ ಮಗುವೇ.

ಅವಳು ಚೀಲದ ಗಂಟಿಗೆ ಬೆರಳು ಹಾಕಿದಳು.

"ಮೇಡಂ! ಬೇಡ!" ನರ್ಸ್ ಬಾಗಿಲಿಗೆ ಹಾರಿದಳು. ಹೊರಗಿದ್ದ ಪೇದೆ ಒಳಗಿಟ್ಟ ಕಾಲನ್ನು ಹಿಂದೆ ತೆಗೆದ. ಗಾಜಿನಾಚೆಯಿಂದ ತಮ್ಮ ಗೋಡೆ ಬಡಿಯುತ್ತಿದ್ದ. ದನಿ ಕೇಳುತ್ತಿರಲಿಲ್ಲ, 'ಅಕ್ಕ, ಅಕ್ಕ' ಎಂಬ ತುಟಿಯಷ್ಟೇ ಕಾಣುತ್ತಿತ್ತು.

ಒಬ್ಬನೇ ಮುಂದೆ ಬಂದ. ಸಂಶೋಧಕ ಹಾಸಿಗೆಯಿಂದ ಜಿಗಿದು ಚೀಲವನ್ನು ಎರಡೂ ಕೈಯಲ್ಲಿ ಬಾಚಿ ತಬ್ಬಿಕೊಂಡ.

ಅವಳು ಗಂಟಿನಿಂದ ಬೆರಳು ತೆಗೆದಳು.

"ವಿಷಕ್ಕೆ ಹೆದರಿದೋರು ಹಿಂದೆ ಓಡಿದ್ರು," ಎಂದಳು ಇನ್ಸ್‌ಪೆಕ್ಟರ್ ಮೆಲ್ಲಗೆ. "ಅದು ಕಚ್ಚಿದ ಗಾಯ ಇಟ್ಕೊಂಡಿರೋ ನೀವು ಅದನ್ನೇ ಅಪ್ಕೊಂಡ್ರಿ."

ಅವನ ತೋಳು ಸಡಿಲಾಯಿತು. ಚೀಲದೊಳಗಿನ ಬ್ಯಾಗಿನಲ್ಲಿ ಹೇಳಿಕೆಗಳ ಕಂತೆ ಮಡಿಕೆ ಮುರಿಯದೆ ಇತ್ತು. ಅದರ ಪಕ್ಕ ಔಷಧಿಯ ಪುಟ್ಟ ಬಾಟಲಿ. ತಳದಲ್ಲಿ ಹಳದಿ ಜಿಡ್ಡು.

ಅವಳು ಮೂಸಿದಳು. "ಸಾಸಿವೆ ಎಣ್ಣೆ. ಹೆಸರಲ್ಲಿ ಸಾಸಿವೆ ಇದೆ ಅಂತ ಎಣ್ಣೆ ತಂದ್ರಿ. ಖಾಲಿ ಸೀಸೆಗೆ ಸುರಿದು ಬೀಳಿಸಿದ್ರಿ. ಬೊಬ್ಬೆ ಮನೇಲೇ ಕುದಿನೀರಲ್ಲಿ ಎಬ್ಬಿಸ್ಕೊಂಡು, ಅಂಗಿ ತೋಳು ಇಳಿಬಿಟ್ಟು ಬಂದಿದ್ರಿ. ಕಾಗದ ನೀವು ಸುಡಬೇಕಾಗಿರ್ಲಿಲ್ಲ. ನಮ್ಮ ಭಯವೇ ಸುಟ್ಟು ಕೊಡ್ತಿತ್ತು. ನಾಳೆ ಪರೀಕ್ಷೆಲಿ ಎಣ್ಣೆ ಅಂತ ಗೊತ್ತಾಗೋ ಹೊತ್ತಿಗೆ ಎಲ್ಲ ಬೂದಿ. ಕಳ್ಳ ಅಂತ ನಿಲ್ಲೋನು ನನ್ನ ತಮ್ಮ. ಯಾಕೆ ಮಾಡಿದ್ರಿ?"

ಅವನು ಹಾಸಿಗೆಯ ಅಂಚಿನಲ್ಲಿ ಕುಳಿತ.

"ಆ ಕಾರ್ಖಾನೆ ಡಾಕ್ಟರು ನಮ್ಮಪ್ಪ. ಹಾಸಿಗೆ ಹಿಡಿದಿದಾರೆ. ನಾಳೆ ಎಲ್ಲರೆದುರು ಅವರ ಹೆಸರು ಓದ್ತಾರೆ. ಸೋರಿದ ದಿನ ಎಲ್ಲರನ್ನೂ ಪರೀಕ್ಷೆ ಮಾಡಿ, ಏನೂ ಆಗಿಲ್ಲ ಅಂತ ಸಹಿ ಹಾಕಿದ್ರು. ವಿಷ ಆಗಿದ್ರೆ ನನ್ನ ಕಣ್ಣೆದುರೇ ಬೊಬ್ಬೆ ಏಳ್ತಿತ್ತು ಅಂತ ಮನೇಲಿ ಯಾವಾಗ್ಲೂ ಅನ್ನೋರು."

"ಅದನ್ನೇ ನಂಬಿದ್ರಿ. ಅದೇ ಥರ ನಟಿಸಿದ್ರಿ. ಸಿಕ್ಕಿಬಿದ್ದಿದ್ದೂ ಅದರಿಂದಲೇ. ಈ ಕಾಗದ ಓದಿದೀರಾ?"

"ಇಲ್ಲ. ಸೂಚಿಲಿ ಅಪ್ಪನ ಹೆಸರು ಕಂಡೆ. ಅಷ್ಟೇ ಸಾಕಾಯ್ತು."

ಅವಳು ಮೇಲಿನ ಹಾಳೆಯನ್ನು ಅವನ ಮುಂದೆ ಹಿಡಿದಳು. ಅವನು ತುಟಿಯಲ್ಲೇ ಓದತೊಡಗಿದ. 'ಡಾಕ್ಟರು ಕೈ ಹಿಡಿದು ನೋಡಿದರು. ಏನೂ ಇಲ್ಲ ಹೋಗಮ್ಮ ಅಂದರು. ದೊಡ್ಡವರ ಮಾತು ಅಂತ ನಂಬಿದೆ. ಬಟ್ಟೆ ಕೂಡ ಬದಲಿಸದೆ ಮಗುವನ್ನು ಎತ್ತಿಕೊಂಡೆ.'

ಅದರಾಚೆ ಅವನಿಗೆ ಓದಲಾಗಲಿಲ್ಲ. ಪೇದೆ ಬಂದು ತೋಳು ಹಿಡಿದಾಗ ಸುಮ್ಮನೆ ಎದ್ದು ನಡೆದ.

* * *

ಗಾಜಿನ ಬಾಗಿಲು ತೆರೆದರು. ತಮ್ಮ ಇನ್ನೂ ಕೈ ಚಾಚಿಕೊಂಡೇ ಇದ್ದ.

"ಮುಟ್ಟಬೇಡ ಅಕ್ಕ."

ಅವಳು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೊತ್ತಿಕೊಂಡಳು. "ಎಣ್ಣೆ ಕಣೋ ದಡ್ಡ. ಅಡುಗೆ ಎಣ್ಣೆ."

ಅವನು ಅಂಗೈ ಮಗುಚಿ ನೋಡಿದ. ಮತ್ತೆ ಮಗುಚಿದ.

"ಹಾಗಾದ್ರೆ ಸೀಸೆ?"

"ಖಾಲಿನೇ ಇತ್ತು. ನೀನು ಬರೆದಿದ್ದು ಸರಿ."

ಆಗ ಅವನು ಅತ್ತ.