ಗುಂಡುಮೂತಿ ಮರಿಗಳ ಸಾವು

ಪರವೂರುಗಳ ಪಕ್ಷಿ ಪ್ರದರ್ಶನಗಳಿಗೆ ತೀರ್ಪುಗಾರರಾಗಿ ಹೋಗಿದ್ದ, ಪಾರಿವಾಳ ಸಾಕುವ ‘ಕೊಕ್ಕಿನ ಯಜಮಾನರು’ ಮೂರು ವಾರದ ಮೇಲೆ ಹಿಂತಿರುಗಿದವರೇ ಮಹಡಿ ಹತ್ತಿದರು. ಪಾರಿವಾಳದ ಕೋಣೆಯ ಬಾಗಿಲು ತೆಗೆದರು. ಒಂದು ಕೂಗು ಹಾಕಿದರು. ಆ ಕೂಗಿಗೆ ಮೂರು ಬೀದಿಯ ನಾಯಿಗಳು ಎದ್ದು ಕೂತವು. ನಾಲ್ಕನೆಯ ಬೀದಿಯ ನಾಯಿ ಹುಟ್ಟು ಕಿವುಡು. ಅದೂ ಎದ್ದಿತು!

ನೆಲದ ಮೇಲೆ ನಾಲ್ಕು ಮರಿಗಳು. ಇನ್ನೂ ಕಣ್ಣು ಬಿಡದವು, ಹೆಬ್ಬೆರಳು ಗಾತ್ರದವು. ನಾಲ್ಕೂ ಸತ್ತಿದ್ದವು.

ವಿಷ ಅಂದರು ಯಜಮಾನರು. ಕೊಲೆ ಅಂದರು. ಪೊಲೀಸರಿಗೆ ಶ್ರಮ ಕೊಡಬಾರದೆಂದು ಕೊಲೆಗಾರನನ್ನೂ ಅವರೇ ಹಿಡಿದು ತಂದರು— ಬೀದಿ ಮೂಲೆಯ ಕಾಳಿನಂಗಡಿಯವನು. ಠಾಣೆಗೆ ಬಂದಾಗ ಅವನ ಒಂದೇ ಕಾಲಲ್ಲಿ ಚಪ್ಪಲಿ ಇತ್ತು.

"ಸಾರ್, ಇಡೀ ಪೇಟೆ ನನ್ನ ಅಂಗಡಿ ಕಾಳು ತಿನ್ನುತ್ತೆ. ವಿಷ ಬೆರೆಸಿದ್ರೆ ಇಷ್ಟೊತ್ತಿಗೆ ಪೇಟೆನೇ ಅಡ್ಡ ಮಲಗಿರ್ತಿತ್ತು!"

"ಬಾಯ್ಮುಚ್ಚೋ! ಹೋದ ವರ್ಷ ಪ್ರದರ್ಶನದಲ್ಲಿ ನಾನು ನಿನ್ನ ಪಾರಿವಾಳಾನ ಕಾಗೆ ಅಂದೆ. ಅದರ ಸೇಡು ಇದು."

"ಕಾಗೆ ಅಂದಿದ್ದೂ ನಿಜ ಸಾರ್, ನಂಗೆ ಬೇಜಾರಾಗಿದ್ದೂ ನಿಜ. ಹಾಗಂತ ಹಸಿ ಮರಿ ಕೊಲ್ತಾರಾ?"

ಯಜಮಾನರ ಕೈ ಉದ್ದ. ಮೇಲಿನವರಿಂದ ಫೋನು ಬಂತು: ಸಂಜೆಯೊಳಗೆ ಕೋರ್ಟಿಗೆ ಹಾಜರು ಮಾಡಿ, ಅಂಗಡಿಗೆ ಬೀಗ ಹಾಕಿ. ಕಾಳಿನಂಗಡಿಯವನು ಲಾಕಪ್ಪಿನ ಕಂಬಿ ಹಿಡಿದು ನಿಂತುಬಿಟ್ಟ. ವಿಷದಂಗಡಿ ಎಂದು ಒಮ್ಮೆ ಹೆಸರು ಬಿದ್ದರೆ ಆ ಬಾಗಿಲು ಮತ್ತೆ ತೆರೆಯುವುದುಂಟೆ?

ನಾನು ಠಾಣೆಯ ಜೀಪಿನ ಡ್ರೈವರು. ನಮ್ಮ ಇನ್ಸ್‌ಪೆಕ್ಟರಿಗೆ ಊರವರು ಇಟ್ಟ ಹೆಸರು ನಿಧಾನ ಸಾಹೇಬರು. ಎಷ್ಟು ನಿಧಾನವೆಂದರೆ, ಒಮ್ಮೆ ಅವರು ಬೆನ್ನಟ್ಟಿದ ಕಳ್ಳ ಕಾದು ಕಾದು ಬೇಸತ್ತು, ಏನಾದರೂ ಆಯಿತೇನೋ ಎಂದು ನೋಡಲು ಹಿಂದಕ್ಕೆ ಬಂದು ಸಿಕ್ಕಿಬಿದ್ದ. ಆ ದಿನವೂ ಅವರು ಯಜಮಾನರ ಮನೆಯ ಒಂದೊಂದೇ ಮೆಟ್ಟಿಲು ಹತ್ತಿದರು. ನಾನೋ ಮೆಟ್ಟಿಲಿಗೊಮ್ಮೆ ಗಡಿಯಾರ ನೋಡಿದೆ. ಸಂಜೆ ಆಗುವುದಕ್ಕೆ ಎಷ್ಟು ಹೊತ್ತು?

ತಾರಸಿಯ ಮೇಲೆ ತಗಡಿನ ಮಾಡು, ತಂತಿ ಬಲೆ, ಗೋಡೆಗೆ ಮರದ ಗೂಡುಗಳು. ಮೇಲಿನ ಸಾಲಿನಲ್ಲಿ ಯಜಮಾನರ ಹೆಸರುವಾಸಿ ಗುಂಡುಮೂತಿಗಳು, ಎರಡು ಜೋಡಿ. ಬೆಣ್ಣೆ ಉಂಡೆಗೆ ಎರಡು ಮೆಣಸುಕಾಳು ಚುಚ್ಚಿದ ಹಾಗೆ ತಲೆ. ಕೆಳಗಿನ ಸಾಲಿನಲ್ಲಿ ಎರಡು ಜೋಡಿ ಮಾಮೂಲಿ ಬೀದಿ ಪಾರಿವಾಳಗಳು, ಬೂದಿ ಬಣ್ಣದವು. ಸತ್ತ ಮರಿಗಳು ಅವುಗಳ ಗೂಡಿನ ಕೆಳಗೇ ಬಿದ್ದಿದ್ದವು.

"ಮೇಲಿನವಕ್ಕೆ ಮೂತಿ ಎಲ್ಲಿ ಸಾರ್?" ಅಂದೆ ನಾನು.

"ಇಲ್ದೇ ಇರೋದೇ ಅದರ ಚೆಂದ," ಅಂದರು ಯಜಮಾನರು. ದುಃಖದಲ್ಲೂ ಅವರ ಎದೆ ಉಬ್ಬಿತು. "ಒಂದೇ ತಾಯಿ ಮರಿಗಳು ಒಂದೇ ಥರ ಹುಟ್ಟಲ್ಲ ಇನ್ಸ್‌ಪೆಕ್ಟ್ರೇ. ಒಂದರ ಕೊಕ್ಕು ಕೂದಲೆಳೆಯಷ್ಟು ಗಿಡ್ಡ, ಇನ್ನೊಂದರದ್ದು ಕೂದಲೆಳೆಯಷ್ಟು ಉದ್ದ. ಗಿಡ್ಡದ್ದನ್ನ ಇಟ್ಕೋಬೇಕು, ಗಿಡ್ಡಕ್ಕೆ ಗಿಡ್ಡ ಜೋಡಿ ಮಾಡ್ಬೇಕು. ನಮ್ಮಜ್ಜ ಆರಿಸ್ದ, ಅಪ್ಪ ಆರಿಸ್ದ, ನಾನು ಆರಿಸ್ತಾ ಇದ್ದೀನಿ."

"ಉದ್ದ ಇದ್ದವನ್ನ?"

ಯಜಮಾನರು ಎರಡು ಬೆರಳು ಜೋಡಿಸಿ ಗಾಳಿಯ ಕತ್ತು ತಿರುವಿದರು. "ಲಟಕ್."

"ಇಷ್ಟು ಗಿಡ್ಡ ಕೊಕ್ಕಲ್ಲಿ ಮರಿಗೆ ಗುಟುಕು ಹೇಗೆ ಕೊಡ್ತವೆ?"

"ಕೊಡೋಕ್ಕಾಗಲ್ಲ. ಅದಕ್ಕೇ ಅಲ್ವೇ ಈ ಬೀದಿ ದರಿದ್ರಗಳನ್ನ ಸಾಕಿರೋದು! ಗುಂಡುಮೂತಿ ಮೊಟ್ಟೆ ತೆಗೆದು ಇವುಗಳ ಕೆಳಗಿಡೋದು. ಇವು ಕಾವು ಕೊಟ್ಟು, ಗುಟುಕು ಕೊಟ್ಟು ಬೆಳೆಸ್ತವೆ. ಗುಂಡುಮೂತಿಗಳು ಕಂಗಾಲಾಗ್ಬಾರ್ದು ಅಂತ ಅವುಗಳ ಕೆಳಗೆ ಮಣ್ಣಿನ ಮೊಟ್ಟೆ ಇಡೋದು."

"ಬೀದಿ ಪಾರಿವಾಳದ ಸ್ವಂತ ಮೊಟ್ಟೆ?"

"ಎಸೀತೀವಿ. ಒಂದು ಎದೆಗೆ ಎರಡು ಪಾಲು ಬಂದ್ರೆ ಎರಡೂ ಸೊರಗ್ತವೆ. ಈ ಸಲ ನಾನೇ ಮೊಟ್ಟೆ ಬದಲಾಯಿಸಿ, ಅವನ್ನ ಎಸಿ ಅಂತ ನಮ್ಮ ತಮ್ಮನ ಹೆಂಡ್ತಿ ಕೈಗೆ ಕೊಟ್ಟು ಪ್ರದರ್ಶನಕ್ಕೆ ಹೋದೆ."

ಆ ಹೆಂಗಸು ಬಾಗಿಲ ಬಳಿ ಕಾಳಿನ ಮೊರ ಹಿಡಿದು ನಿಂತಿದ್ದರು. ಗಂಡ ತೀರಿಕೊಂಡ ಮೇಲೂ ಅದೇ ಮನೆಯಲ್ಲಿ ಉಳಿದವರು. ಯಜಮಾನರ ಹೆಂಡತಿ ಹೆರಿಗೆಯಲ್ಲಿ ಹೋದಾಗ, ಆ ಕೂಸನ್ನು ಎದೆಹಾಲು ಕೊಟ್ಟು ಸಾಕಿದವರು ಇವರೇ ಎಂದು ಬೀದಿಗೆಲ್ಲ ಗೊತ್ತು. ಆ ಕೂಸು ಈಗ ಮೀಸೆ ಬಂದ ಗಂಡಸು. ಅಷ್ಟರಲ್ಲಿ ಅವನೂ ಮೇಲೆ ಬಂದ.

"ಚಿಕ್ಕಮ್ಮ, ನನ್ನ ನೀಲಿ ಶರ್ಟ್ ಎಲ್ಲಿ?"

"ಹಗ್ಗದ ಮೇಲಿದೆ ಮಗಾ."

"ಹಗ್ಗ ಎಲ್ಲಿ?"

ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಈ ಕೋಣೆ ಬೀಗದ ಕೈ ಯಾರ್ಯಾರ ಹತ್ರ ಇದೆ?"

"ಅಪ್ಪನ ಹತ್ರ. ಚಿಕ್ಕಮ್ಮನ ಹತ್ರ. ನಂಗ್ಯಾಕೆ ಸಾರ್? ಪುಕ್ಕ ಕಂಡ್ರೆ ಸೀನು ಬರುತ್ತೆ."

"ಈ ಹಕ್ಕಿಗಳ ಮೇಲೆ ಸಿಟ್ಟೇನಾದ್ರೂ?"

"ಸಿಟ್ಟು ಇದೆ. ಅಪ್ಪ ನನ್ನ ಮುಖ ನೋಡಿದ್ದಕ್ಕಿಂತ ಇವುಗಳ ಮೂತಿ ನೋಡಿದ್ದೇ ಜಾಸ್ತಿ. ಆದ್ರೆ ಕೊಲ್ಲೋಕೆ ಮೇಲೆ ಹತ್ಬೇಕಲ್ಲ ಸಾರ್. ಯಾರು ಹತ್ತುತಾರೆ?"

"ಕಾಳಿನಂಗಡಿಯವನು ಒಳಗೆ ಬಂದಿದ್ನಾ?"

"ಮೂಟೆ ಇಳಿಸೋಕೆ ಬಂದಿದ್ದ," ಅಂದರು ಯಜಮಾನರು. "ಅಷ್ಟು ಸಾಲದೇ? ಅವನು ತಂದ ಕಾಳು ತಿಂದೇ ಮರಿ ಸತ್ತಿದ್ದು."

ಸಾಹೇಬರು ನೆಲಕ್ಕೆ ಕೂತರು. ಒಂದು ಸತ್ತ ಮರಿಯನ್ನು ಅಂಗೈಗೆ ತೆಗೆದುಕೊಂಡು, ಕೊರಳ ಕೆಳಗಿನ ಮೇವಿನ ಚೀಲವನ್ನು ಬೆರಳಿಂದ ಒತ್ತಿ ನೋಡಿದರು. ಇನ್ನೊಂದನ್ನೂ ನೋಡಿದರು. ಕೊಕ್ಕನ್ನು ಮೂಗಿನ ಬಳಿ ಹಿಡಿದರು. ಆಮೇಲೆ ಗೋಡೆಗೆ ಒರಗಿ ಸುಮ್ಮನೆ ಕೂತುಬಿಟ್ಟರು. ಸುಮ್ಮನೆ ಅಂದರೆ ಸುಮ್ಮನೆ! ಅವರ ಬೂಟಿನ ಮೇಲೆ ಜೇಡ ಬಲೆ ಕಟ್ಟಿ, ನೊಣ ಹಿಡಿದು, ಊಟ ಮುಗಿಸಿ ಕೈ ತೊಳೆಯುವಷ್ಟು ಹೊತ್ತು.

ನಾನೂ ಹಕ್ಕಿಗಳನ್ನೇ ನೋಡುತ್ತಿದ್ದೆ. ಮೇಲಿನ ಗುಂಡುಮೂತಿಗಳು ಮಣ್ಣಿನ ಮೊಟ್ಟೆಯ ಮೇಲೆ ದೊರೆಸಾನಿಗಳ ಹಾಗೆ ಕೂತಿದ್ದವು. ಕೆಳಗೆ ಒಂದು ಬೀದಿ ಗಂಡು ಬಟ್ಟಲಿಗೆ ಇಳಿದು ಗಬಗಬ ಕಾಳು ನುಂಗಿತು. ಓಡಿ ಗೂಡಿಗೆ ಹೋಗಿ ಕತ್ತು ಕುಲುಕಿತು. ಪಾಪ, ಮರಿ ಕಳಕೊಂಡ ಹೆಂಡತಿಗೆ ಸಮಾಧಾನ ಹೇಳುತ್ತಿದೆ ಎಂದುಕೊಂಡೆ. ಮತ್ತೆ ಬಟ್ಟಲಿಗೆ ಬಂತು. ಅಲ್ಲಿ ಹೊಟ್ಟಷ್ಟೇ ಉಳಿದಿತ್ತು.

"ಮರಿ ಸತ್ರೂ ಕಾವಿಗೆ ಕೂತಿವೆ ನೋಡಿ, ದಡ್ಡ ಮುಂಡೇವು," ಅಂದರು ಯಜಮಾನರು.

"ದಡ್ಡರು ಯಾರು ಅಂತ ನೋಡೋಣ," ಎಂದ ಸಾಹೇಬರು ಎದ್ದು, ಆ ಬೀದಿ ಹೆಣ್ಣಿನ ಹೊಟ್ಟೆಯ ಕೆಳಗೆ ಕೈ ತೂರಿಸಿದರು. ಅದು ರೆಕ್ಕೆಯಿಂದ ಫಟ್ ಎಂದು ಬಾರಿಸಿತು. ಅವರು ಕೈ ಬಿಡಲಿಲ್ಲ. ಮೆಲ್ಲಗೆ ಹೊರಗೆ ತೆಗೆದರು.

ಅಂಗೈಯಲ್ಲಿ ಎರಡು ಮರಿಗಳು! ಹಳದಿ ಕೂದಲು, ಉದ್ದನೆ ಕೊಕ್ಕು, ತುಂಬಿ ಬಿಗಿದ ಮೇವಿನ ಚೀಲ. ಪಕ್ಕದ ಗೂಡಿನಲ್ಲೂ ಎರಡು.

ಯಜಮಾನರ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಇದು... ಇದು ಹೇಗೆ? ಇವುಗಳ ಮೊಟ್ಟೆ ಎಸೆದಾಗಿತ್ತಲ್ಲ?"

"ಎಸೆದಿರಲಿಲ್ಲ. ಎಲ್ಲರೂ ಸತ್ತಿರೋದನ್ನೇ ನೋಡಿದ್ರಿ, ತಿಂತಿರೋದನ್ನ ನೋಡ್ಲಿಲ್ಲ. ಗೂಡು ಖಾಲಿ ಇದ್ರೆ ಆ ಗಂಡು ಯಾರಿಗೆ ಅಂತ ಕಾಳು ಹೊರ್ತಿತ್ತು? ಕಾಳಲ್ಲಿ ವಿಷ ಇದ್ರೆ ಅದು ಯಾಕೆ ಸಾಯ್ಲಿಲ್ಲ? ನಿಮ್ಮ ಮರಿಗಳ ಚೀಲ ನೋಡಿ. ಹಾಳೆ ಥರ ಅಂಟಿಕೊಂಡಿದೆ. ಅವು ತಿಂದು ಸತ್ತಿಲ್ಲ, ತಿನ್ನದೇ ಸತ್ತಿವೆ."

"ಅಂದ್ರೆ?"

"ನೀವು ಬದಲಾಯಿಸಿದ ಮೊಟ್ಟೆಗಳನ್ನ ಯಾರೋ ವಾಪಸ್ ಬದಲಾಯಿಸಿದ್ದಾರೆ. ಗುಂಡುಮೂತಿ ಮೊಟ್ಟೆ ಗುಂಡುಮೂತಿಗೆ, ಬೀದಿ ಮೊಟ್ಟೆ ಬೀದಿಗೆ. ನಾಲ್ಕೂ ಗೂಡಲ್ಲಿ ಮರಿ ಆಯ್ತು. ಬೀದೀಲಿ ಆರಿಸೋದು ಹಸಿವು ಯಜಮಾನ್ರೇ. ಗುಟುಕು ಕೊಡೋಕ್ಕಾಗದ ಕೊಕ್ಕನ್ನ ಅದು ಒಂದು ತಲೆಮಾರೂ ಉಳಿಸಲ್ಲ. ಇಲ್ಲಿ ಆರಿಸಿದ್ದು ನೀವು. ನೀವು ಉಳಿಸ್ತಾ ಬಂದ ಕೊಕ್ಕೇ ನಿಮ್ಮ ಮರಿಗಳನ್ನ ಕೊಂದಿದ್ದು. ಅವು ಸತ್ತ ಮೇಲೆ ತೆಗೆದು ಕೆಳಗೆ ಹಾಕಿ, ಮಣ್ಣಿನ ಮೊಟ್ಟೆ ಮತ್ತೆ ಇಟ್ಟಿದ್ದಾರೆ."

"ಕಾಳಿನಂಗಡಿ ಬದ್ಮಾಶ್—"

"ಅವನಿಗೆ ಬೀಗದ ಕೈ ಇಲ್ಲ. ಮೂಟೆ ಇಳಿಸೋಷ್ಟು ಹೊತ್ತಲ್ಲಿ ಇಷ್ಟೆಲ್ಲ ಆಗಲ್ಲ. ಇನ್ನೂ ಒಂದಿದೆ. ಸತ್ತ ಮರಿಗಳ ಕೊಕ್ಕಿನ ಸುತ್ತ ಗಂಜಿ ಒಣಗಿ ಅಂಟಿದೆ. ಕೊನೇಲಿ ಯಾರೋ ಬೆರಳಲ್ಲಿ ತಿನ್ನಿಸೋಕೆ ನೋಡಿದ್ದಾರೆ. ಸೇಡು ತೀರಿಸ್ಕೊಳ್ಳೋಕೆ ಬಂದೋನು ಗಂಜಿ ಕಾಯಿಸ್ತಾನಾ? ನಿಮ್ಮ ಮಗನಿಗೆ ಒಲೆ ಯಾವ ದಿಕ್ಕಲ್ಲಿದೆ ಅಂತಾನೂ ಗೊತ್ತಿಲ್ಲ. ಉಳಿದೋರು ಒಬ್ಬರೇ." ಸಾಹೇಬರು ಬಾಗಿಲ ಕಡೆ ತಿರುಗಿದರು. "ಅಲ್ವೇನಮ್ಮಾ?"

ಆಕೆ ಮೊರ ಕೆಳಗಿಟ್ಟರು.

"ಗಂಜಿ ಇಳೀಲಿಲ್ಲ," ಅಂದರು. "ಬಾಯಿ ತೆರೀತಾನೇ ಇದ್ವು. ನೋಡೋಕ್ಕಾಗ್ಲಿಲ್ಲ. ಆದ್ರೂ ನಾನು ಕೊಲ್ಲಲಿಲ್ಲ ಸಾಹೇಬ್ರೇ. ಅವರವರ ಮೊಟ್ಟೆ ಅವರವರಿಗೆ ಕೊಟ್ಟೆ. ಅಷ್ಟೇ."

"ಯಾಕೆ?" ಯಜಮಾನರು ಆಕೆಯತ್ತ ತಿರುಗಿದರು. "ನಿಂಗೇನು ಕಮ್ಮಿ ಮಾಡಿದ್ದೆ ನಾನು?"

"ನೀವು ಪ್ರದರ್ಶನಕ್ಕೆ ಹೊರಟ ದಿನ ನನ್ನ ಮಗಳು ಬಂದಿದ್ಲು, ಭಾವ."

ಆ ಮನೆಯ ಮಗಳೊಬ್ಬಳು ಎಲ್ಲೋ ಬದುಕಿದ್ದಾಳೆಂದು ಬೀದಿಗೇ ಗೊತ್ತಿರಲಿಲ್ಲ, ಬೀದಿಯ ಎಲ್ಲ ಸುದ್ದಿಯನ್ನು ಹೊತ್ತು ತಿರುಗುವ ನನಗೂ ಗೊತ್ತಿರಲಿಲ್ಲ.

"ಇವನನ್ನ ನನ್ನ ಮಡಿಲಿಗೆ ಹಾಕಿದಾಗ ಅವಳಿನ್ನೂ ಮೊಲೆ ಕುಡಿಯೋ ಕೂಸು. ಒಂದು ಎದೆಗೆ ಎರಡು ಪಾಲು ಬೇಡ ಅಂತ ಅವಳನ್ನ ಯಾರೋ ದೂರದ ನೆಂಟರಿಗೆ ಕೊಟ್ರಿ. ನೋಡೋಕೂ ಬಿಡ್ಲಿಲ್ಲ. ಇಷ್ಟು ವರ್ಷ ಆದ್ಮೇಲೆ ವಿಳಾಸ ಹುಡುಕ್ಕೊಂಡು ಬಂದ್ಲು. ಬಾಗಿಲಲ್ಲೇ ನಿಂತ್ಲು. ಒಂದು ಲೋಟ ನೀರು ಕುಡಿದ್ಲು. 'ಬರ್ತೀನಿ ಆಂಟಿ' ಅಂದ್ಲು."

ಮಗ ಎರಡು ಹೆಜ್ಜೆ ಮುಂದೆ ಬಂದ. "ಚಿಕ್ಕಮ್ಮ... ನಂಗೆ ಗೊತ್ತಿರಲಿಲ್ಲ."

"ನಿಂದೇನು ತಪ್ಪು ಮಗಾ? ಮರೀದೇನು ತಪ್ಪಿರುತ್ತೆ?" ಆಕೆ ಅವನ ತಲೆ ಸವರಲು ಎತ್ತಿದ ಕೈಯನ್ನು ಅರ್ಧದಲ್ಲೇ ಇಳಿಸಿದರು. "ಅವಳು ಹೋದ್ಮೇಲೆ ಮೇಲೆ ಬಂದೆ. ಎಸಿ ಅಂತ ಭಾವ ಕೊಟ್ಟ ಮೊಟ್ಟೆ ಇನ್ನೂ ಬುಟ್ಟೀಲಿ ಬೆಚ್ಚಗಿದ್ವು. ಎಸೆಯೋಕೆ ಕೈ ಏಳಲಿಲ್ಲ."

"ಪಾಪದೋನು ಒಬ್ಬ ಲಾಕಪ್ಪಲ್ಲಿದ್ದಾನೆ ಅಂತ ಗೊತ್ತಿತ್ತಾ ನಿಮ್ಗೆ?" ಕೇಳಿದರು ಸಾಹೇಬರು.

"ಗೊತ್ತಿತ್ತು."

"ಬಂದು ಹೇಳ್ತಿದ್ರಾ?"

ಆಕೆ ನೆಲದ ಮೇಲಿನ ಮರಿಗಳನ್ನು ನೋಡಿದರು. "ಗೊತ್ತಿಲ್ಲ."

ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಎಲ್ಲೋ ಊಟಕ್ಕೆ ಹೊರಟವರ ಹಾಗೆ ಮುಂದೆ ಬಂದು ನಿಂತರು. "ನಡೀರಿ ಸಾಹೇಬ್ರೇ. ಕರ್ಕೊಂಡು ಹೋಗಿ."

"ಎಲ್ಲಿಗಮ್ಮಾ?"

"ಜೈಲಿಗೆ."

"ತಾಯಿ ಮೊಟ್ಟೆ ತಾಯಿಗೆ ಕೊಟ್ಟಿದ್ದಕ್ಕೆ ಯಾವ ಸೆಕ್ಷನ್ ಹಾಕ್ಲಿ? ಕೇಸೇ ಇಲ್ಲ."

"ಏನೂ ಇಲ್ವಾ?" ಆಕೆಯ ಮುಖ ಇಳಿದುಹೋಯಿತು. ಬಿಡುಗಡೆ ಸಿಕ್ಕಿದವರ ಮುಖ ಹಾಗೆ ಇಳಿದದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. "ಹಾಗಾದ್ರೆ ನಾನು ಇಲ್ಲೇ ಇರ್ಬೇಕಾ?"

ಯಜಮಾನರು ಈಗ ಮನೆಯಿಂದ ಹೊರಗೆ ಹಾಕುತ್ತಾರೆ ಎಂದು ನಾನು ಕಾದೆ. ಹಾಕಲಿಲ್ಲ. ಅವರು ಗೂಡುಗಳನ್ನು ನೋಡಿದರು. ಮಗನನ್ನು ನೋಡಿದರು. ಮೂಲೆಯಲ್ಲಿದ್ದ ಕಾಳಿನ ಮೂಟೆ, ನೀರಿನ ಬಟ್ಟಲು, ಪೊರಕೆ ನೋಡಿದರು.

"ಆಗಿದ್ದು ಆಯ್ತು," ಅಂದರು. "ಕ್ಷಮಿಸಿದ್ದೀನಿ. ಗುಂಡುಮೂತಿಗಳು ಮತ್ತೆ ಮೊಟ್ಟೆ ಇಡ್ತವೆ. ಆಗ ಇಂಥ ಕೆಲಸ ಮಾಡ್ಬೇಡ. ಕೆಳಗೆ ಹೋಗಿ ಒಲೆ ಹಚ್ಚು."

ಆಕೆ ಮೊರ ಎತ್ತಿಕೊಂಡು ಕೆಳಗಿಳಿದರು.

ಜೀಪು ಬೀದಿ ಮೂಲೆ ದಾಟಿತು. ಕಾಳಿನಂಗಡಿಯ ಮುಂದೆ ಒಡೆದ ಮೂಟೆಗಳಿಂದ ಚೆಲ್ಲಿದ ಕಾಳು ರಸ್ತೆ ತುಂಬ ಹರಡಿತ್ತು. ಹಾದುಹೋಗುವವರು ವಿಷ ಮೆಟ್ಟಿಬಿಡುತ್ತೇವೆಂಬ ಹಾಗೆ ಸುತ್ತುಹಾಕಿ ನಡೆಯುತ್ತಿದ್ದರು. ಅವನನ್ನು ಬಿಟ್ಟು ಕಳಿಸಬಹುದು. ಅವನ ಗಿರಾಕಿಗಳನ್ನು ಯಾರು ಕರೆದು ತರುತ್ತಾರೆ?

ನನಗೆ ತಡೆಯಲಾಗಲಿಲ್ಲ. "ಸಾರ್, ಆಯಮ್ಮನ್ನ ಆ ಮನೆಯಿಂದ ಬಿಡಿಸೋಕೆ ಒಂದು ಸುಳ್ಳು ಕೇಸಾದ್ರೂ ಹಾಕ್ಬಹುದಿತ್ತಲ್ಲ?"

ಸಾಹೇಬರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಮೆಟ್ಟಿಲು ಇಳಿಯೋವಾಗ ಅದನ್ನೇ ಹುಡುಕ್ತಿದ್ದೆ ಕಣೋ," ಅಂದರು. "ಒಂದೂ ಹೊಳೀಲಿಲ್ಲ."